ಅಟ್ಟದಲ್ಲಿ ಸಿಗ್ನಲ್, ಚಾವಡಿಗೆ ನೆಟ್

ಪ್ರಶ್ನೆ: ನಮ್ಮದು ಹೆಬ್ರಿ ಸಮೀಪದ ಹಳ್ಳಿ. ಮೂರು ಕಡೆ ಗುಡ್ಡ, ಎದುರಿಗೆ ಅಡಿಕೆ ತೋಟ. ಹಳೆಯ ಮನೆ, ಮುರಕಲ್ಲಿನ ಗೋಡೆ, ಹಂಚಿನ ಮಾಡು. ಹಿಂಬದಿಗೆ ಐದು ವರ್ಷದ ಹಿಂದೆ ತಾರಸಿಯ ಎರಡು ಕೋಣೆ ಕಟ್ಟಿಸಿ, ಮಳೆಗೆಂದು ಮೇಲೆ ತಗಡಿನ ಶೀಟು ಹೊದಿಸಿದ್ದೇವೆ. ನಾನು ಮಂಗಳೂರಿನ ಕಂಪನಿಯೊಂದಕ್ಕೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಗಳು ದ್ವಿತೀಯ ಪಿಯುಸಿ. ಅತ್ತೆಯವರಿಗೆ ರಾತ್ರಿ ಯಕ್ಷಗಾನದ ನೇರಪ್ರಸಾರ ಬೇಕು. ಎಲ್ಲದಕ್ಕೂ ನನ್ನ ಮೊಬೈಲಿನ ಹಾಟ್‌ಸ್ಪಾಟೇ ಆಧಾರ. ಮೀಟಿಂಗಿನ ನಡುವೆ ನೆಟ್ ಕಡಿದು ಹೋಗುತ್ತದೆ, ಫೋನು ಕೈ ಸುಡುವಷ್ಟು ಬಿಸಿಯಾಗುತ್ತದೆ, ಮಧ್ಯಾಹ್ನಕ್ಕೇ ದಿನದ ಡೇಟಾ ಮುಗಿಯುತ್ತದೆ. ದೊಡ್ಡದೊಂದು ರೌಟರ್ ಕೊಂಡರೆ ಸರಿಹೋದೀತೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಈ ವಾರ ನಿಮಗೆ ಬೇಕಿರುವುದು ಒಂದು ಕಾಗದ, ಒಂದು ಪೆನ್ನು ಮತ್ತು ಈಗಿರುವ ಫೋನು, ಅಷ್ಟೇ.

ನಿಮ್ಮ ಲ್ಯಾಪ್‌ಟಾಪಿಗೆ ನೆಟ್ ತಲುಪುವುದು ಎರಡು ಹಂತದಲ್ಲಿ. ಟವರಿನಿಂದ ಫೋನಿಗೆ ಒಂದು, ಫೋನಿನಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ನೀವು ಫೋನನ್ನು ಕೆಲಸದ ಮೇಜಿನ ಮೇಲೆಯೇ ಇಟ್ಟುಕೊಂಡಿರುತ್ತೀರಿ. ಎರಡನೆಯ ಹಂತಕ್ಕೆ ಅದು ಬಹಳ ಅನುಕೂಲ, ಆದರೆ ಕಷ್ಟವಿರುವುದು ಮೊದಲನೆಯದರಲ್ಲಿ. ಟವರಿನ ಅಲೆ ಗುಡ್ಡದ ಏಣು ದಾಟಿ, ತೋಟದ ಸೋಗೆಗಳ ನಡುವೆ ನುಸುಳಿ, ದಪ್ಪ ಮುರಕಲ್ಲಿನ ಗೋಡೆ ಹಾಯ್ದು ನಿಮ್ಮ ಮೇಜಿಗೆ ಬರಬೇಕು. ಆಟಿಯ ಮಳೆಯಲ್ಲಿ ಸೋಗೆಯೂ ನೆನೆದಿರುತ್ತದೆ, ಗೋಡೆಯೂ ನೀರು ಕುಡಿದಿರುತ್ತದೆ. ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ, ಬೇಸಗೆಯಲ್ಲಿ ಹೇಗೋ ನಡೆಯುತ್ತಿದ್ದ ನೆಟ್ ಜುಲೈಯಲ್ಲಿ ಕೈಕೊಡುತ್ತದೆ. ಇನ್ನು ಆ ತಗಡಿನ ಶೀಟು. ಮಳೆಯನ್ನು ತಡೆದಷ್ಟೇ ಚೆನ್ನಾಗಿ ಅದು ಸಿಗ್ನಲನ್ನೂ ತಡೆಯುತ್ತದೆ. ನಮ್ಮ ಹಳೆಯ ಹಂಚಿಗೆ ಈ ದೋಷ ಬಹಳ ಕಡಿಮೆ. ನೀವು ಕೆಲಸಕ್ಕೆ ಕೂರುವುದು ಹಿಂಬದಿಯ ತಾರಸಿ ಕೋಣೆಯಲ್ಲೇ ಆಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಈಗ ಕಾಗದ, ಪೆನ್ನು. ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ, ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಕಂಪನಿಯ ಫೋನು ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಸಿಮ್ ಸ್ಟೇಟಸ್’ ನೋಡಿ. ಅಲ್ಲಿ ‘ಸಿಗ್ನಲ್ ಸ್ಟ್ರೆಂತ್’ ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ, ಯಾವಾಗಲೂ ಋಣ ಸಂಖ್ಯೆ. 4ಜಿಯಲ್ಲಿ −90ರ ಆಸುಪಾಸು ಇದ್ದರೆ ನೆಮ್ಮದಿ. −100 ದಾಟಿದರೆ ದುರ್ಬಲ. −110ರ ಆಚೆ ಹೋದರೆ ವಿಡಿಯೊ ಮೀಟಿಂಗಿನ ಆಸೆ ಬಿಡಬೇಕು. 10 ಡಿಬಿ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಎಂಬುದು ನೆನಪಿರಲಿ. ಮೇಜಿನ ಮೇಲಿನ −108 ಅಟ್ಟದ ಕಿಟಕಿಯಲ್ಲಿ −98 ಆದರೆ, ಒಂದು ರೂಪಾಯಿ ಖರ್ಚಿಲ್ಲದೆ ಹತ್ತು ಪಟ್ಟು ಲಾಭ.

ಚಾವಡಿ, ಅಟ್ಟ, ಜಗಲಿ, ಹಟ್ಟಿಯ ಹತ್ತಿರ, ಅಂಗಳದ ತುದಿ, ಹೀಗೆ ಎಲ್ಲ ಕಡೆ ಒಂದೊಂದು ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ನಾನು ಹೀಗೆ ಅಳೆದ ಒಂದು ಮನೆಯಲ್ಲಿ ಜಗಲಿಯ ಎರಡು ಕಂಬಗಳ ನಡುವೆಯೇ, ಆರಡಿ ಅಂತರದಲ್ಲಿ, 9 ಡಿಬಿ ವ್ಯತ್ಯಾಸವಿತ್ತು. ಗುಡ್ಡಗಳ ನಡುವಿನ ಬೈಲಿನಲ್ಲಿ ಅಲೆಗಳು ನೇರವಾಗಿ ಬರುವುದಕ್ಕಿಂತ ಬಡಿದು, ಬಾಗಿ ಬರುವುದೇ ಹೆಚ್ಚು, ಹಾಗಾಗಿ ಒಂದು ಮೊಳ ಸರಿದರೂ ಲೆಕ್ಕ ಬದಲಾಗುತ್ತದೆ. ಪಕ್ಕದ ಮನೆಯವರಲ್ಲಿ ಬೇರೆ ಕಂಪನಿಯ ಸಿಮ್ ಇದ್ದರೆ ಅವರನ್ನೂ ಕರೆದು ಅದೇ ಸುತ್ತು ಹಾಕಿಸಿ. 700, 850, 900 ಮೆಗಾಹರ್ಟ್ಜ್‌ನಂತಹ ಕೆಳ ಆವರ್ತನದ ತರಂಗಗಳು ಗುಡ್ಡ, ಮರ, ಗೋಡೆಗಳನ್ನು 2300ಕ್ಕಿಂತ ಚೆನ್ನಾಗಿ ದಾಟುತ್ತವೆ. ಹೆಬ್ರಿ ಪೇಟೆಯಲ್ಲಿ ಯಾವ ಕಂಪನಿ ವೇಗ ಎಂಬುದು ನಿಮಗೆ ಮುಖ್ಯವಲ್ಲ, ನಿಮ್ಮ ಅಂಗಳಕ್ಕೆ ಯಾರ ಕೆಳ ತರಂಗ ತಲುಪುತ್ತದೆ ಎಂಬುದು ಮುಖ್ಯ. ಸಂಖ್ಯೆ ಚೆನ್ನಾಗಿದ್ದ ಕಡೆ ವೇಗವನ್ನೂ ಪರೀಕ್ಷಿಸಿ, ಅದೂ ಎರಡು ಬಾರಿ: ಬೆಳಿಗ್ಗೆ ಆರಕ್ಕೆ, ರಾತ್ರಿ ಎಂಟೂವರೆಗೆ. ಬೆಳಿಗ್ಗೆ ಹಾರುವ ನೆಟ್ ರಾತ್ರಿ ತೆವಳಿದರೆ ಟವರಿನಲ್ಲಿ ಜನಸಂದಣಿ ಎಂದರ್ಥ, ಅದನ್ನು ಯಾವ ಆಂಟೆನಾವೂ ಸರಿಮಾಡಲಾರದು.

ಒಳ್ಳೆಯ ಜಾಗ ಸಿಕ್ಕಿತೇ? ಹಾಗಾದರೆ ಬಳಕೆಯಲ್ಲಿಲ್ಲದ ಹಳೆಯ 4ಜಿ ಫೋನೊಂದಕ್ಕೆ ಸಿಮ್ ಹಾಕಿ ಅಲ್ಲೇ ಇಟ್ಟು, ಹಾಟ್‌ಸ್ಪಾಟ್ ತೆರೆದು ಒಂದು ವಾರ ನೋಡಿ. ಹಾಟ್‌ಸ್ಪಾಟಿನ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಜ್ ಬದಲು 2.4 ಆರಿಸಿ. ಎದುರೆದುರಿನಲ್ಲಿ 5 ವೇಗವಾದರೂ ಮುರಕಲ್ಲಿನ ಗೋಡೆ ದಾಟುವಾಗ ಅದು ಬೇಗ ಸೋಲುತ್ತದೆ. ಯಾರೂ ಬಳಸದಿದ್ದಾಗ ಹಾಟ್‌ಸ್ಪಾಟ್ ತಾನಾಗಿ ಆರುವ ಆಯ್ಕೆಯನ್ನು ತೆಗೆದುಹಾಕಿ, ಬೆಳಿಗ್ಗೆ ಮೀಟಿಂಗಿಗೆ ಐದು ನಿಮಿಷ ಇರುವಾಗ ಅಟ್ಟ ಹತ್ತುವುದು ತಪ್ಪುತ್ತದೆ.

ಫೋನನ್ನು ಹೀಗೆ ತಿಂಗಳುಗಟ್ಟಲೆ ಚಾರ್ಜಿಗೆ ಹಾಕಿ ಬಿಡುವುದು ಮಾತ್ರ ಬೇಡ. ಏಪ್ರಿಲಿನಲ್ಲಿ ಹಂಚಿನ ಅಡಿ ಸೆಖೆ ಎಷ್ಟಿರುತ್ತದೆಂದು ನಿಮಗೆ ಗೊತ್ತು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಅಟ್ಟದ ಸೆಖೆಗೆ ಹಾಟ್‌ಸ್ಪಾಟಿನ ಬಿಸಿಯೂ ಸೇರಿದರೆ ಆ ಗೆರೆ ದೂರವಿಲ್ಲ. ಬ್ಯಾಟರಿ ಉಬ್ಬಿ ಪರದೆಯನ್ನು ಮೇಲೆತ್ತಿದ ಫೋನುಗಳನ್ನು ನಾನು ನೋಡಿದ್ದೇನೆ. ಕೆಳಗೆ ಒಣ ಮರದ ಹಲಗೆ ಇರುವ ಅಟ್ಟದಲ್ಲಿ ಅದು ಬೆಂಕಿಯ ಅಪಾಯ. ಫೋನು ಪರೀಕ್ಷೆಗೆ ಸಾಕು, ಕಾಯಂ ವ್ಯವಸ್ಥೆಗೆ ಬೇಡ.

ಕಾಯಂ ವ್ಯವಸ್ಥೆಗೆ ಸಿಮ್ ಹಾಕುವ 4ಜಿ ರೌಟರ್ ಕೊಳ್ಳಿ. ಹೊರಗಿನ ಆಂಟೆನಾ ಜೋಡಿಸಲು ಎರಡು ಕಿಂಡಿ ಇರುವಂಥದ್ದನ್ನೇ ಕೇಳಿ. ನಿಮ್ಮ ಅಂಗಳದಲ್ಲಿ ಗೆದ್ದ ಕಂಪನಿಯ ತರಂಗಾಂತರ ಅದರಲ್ಲಿದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ. 3, 5, 8, 40 ಎಂಬ ಬ್ಯಾಂಡ್ ಸಂಖ್ಯೆಗಳು ಬರೆದಿರುತ್ತವೆ, ಅಂದರೆ ಕ್ರಮವಾಗಿ 1800, 850, 900, 2300 ಮೆಗಾಹರ್ಟ್ಜ್. ಬಿಎಸ್ಎನ್ಎಲ್ 4ಜಿ ಆದರೆ 28 ಮತ್ತು 1 ಬೇಕು. ಈ ರೌಟರಿಗೆ ಅಟ್ಟದ ಆ ಕಿಟಕಿಯೇ ಜಾಗ. ಚಾವಡಿಗೆ ಅಲ್ಲಿಂದ ಲ್ಯಾನ್ ಕೇಬಲ್ ಎಳೆದು, ಕೆಳಗೆ ಸಾಧಾರಣ ವೈಫೈ ರೌಟರೊಂದನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಮೇಲಿನಿಂದ ಬಂದ ನೆಟ್ಟನ್ನು ವೈಫೈಯಾಗಿ ಹಂಚುವುದಷ್ಟೇ ಅದರ ಕೆಲಸ. ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆಯೇ ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ವಿಳಾಸ ಬದಲಿಸಿ, ಕೇಬಲನ್ನು ವ್ಯಾನ್ ಕಿಂಡಿಗೆ ಸಿಕ್ಕಿಸದೆ ಲ್ಯಾನ್ ಕಿಂಡಿಗೆ ಸಿಕ್ಕಿಸಿದರೆ ಸಾಕು.

ಮಾಡಿನ ಮೇಲೆ ಆಂಟೆನಾ ಕಟ್ಟಿ, ಅದರ ಕೇಬಲನ್ನು ಇಪ್ಪತ್ತು ಮೀಟರ್ ಕೆಳಗಿಳಿಸಿ ಚಾವಡಿಯ ರೌಟರಿಗೆ ಜೋಡಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ತೆಳ್ಳಗಿನ ಆಂಟೆನಾ ಕೇಬಲಿನಲ್ಲಿ 1800 ಮೆಗಾಹರ್ಟ್ಜ್‌ನ ಸಿಗ್ನಲ್ ಮೀಟರಿಗೆ ಸುಮಾರು ಅರ್ಧ ಡಿಬಿ ಸೋರಿಹೋಗುತ್ತದೆ. ಇಪ್ಪತ್ತು ಮೀಟರಿಗೆ 10 ಡಿಬಿ, ಅಂದರೆ ಆಂಟೆನಾ ಗಳಿಸಿದ್ದೆಲ್ಲ ದಾರಿಯಲ್ಲೇ ಖರ್ಚು. ಲ್ಯಾನ್ ಕೇಬಲಿಗೆ 100 ಮೀಟರಿನವರೆಗೂ ಈ ತೊಂದರೆಯಿಲ್ಲ. ರೌಟರನ್ನು ಆಂಟೆನಾದ ಬುಡಕ್ಕೆ ಒಯ್ಯಿರಿ, ಉದ್ದದ ದಾರಿಯನ್ನು ಲ್ಯಾನ್ ಕೇಬಲಿಗೆ ಬಿಡಿ. ಕೇಬಲ್ ಪೂರ್ತಿ ತಾಮ್ರದ್ದಾಗಿರಲಿ, ಅಲ್ಯುಮಿನಿಯಂಗೆ ತಾಮ್ರ ಬಳಿದದ್ದು ಅಗ್ಗವಾದರೂ ನಮ್ಮ ತೇವಕ್ಕೆ ಬೇಗ ಕೆಡುತ್ತದೆ. ತೋಟಕ್ಕೆ ತಂದ ಅರ್ಧ ಇಂಚಿನ ಪೈಪು ಉಳಿದಿದ್ದರೆ ಅದರೊಳಗೆ ತೂರಿಸಿ, ಅಳಿಲು, ಇಲಿಗಳ ಕಾಟವಿರುವುದಿಲ್ಲ. ಗೋಡೆಯೊಳಗೆ ಹೋಗುವ ಮುನ್ನ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲಕ್ಕೆ ತನ್ನಿ. ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೊರಗುಳಿಯುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ರೌಟರ್ ಇರುವೆಗಳಿಗೆ ಇಷ್ಟದ ಗೂಡು, ತಿಂಗಳಿಗೊಮ್ಮೆ ತೆಗೆದು ನೋಡುತ್ತಿರಿ.

ಸಿಡಿಲಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಗುಡುಗು ಕೇಳಿದ ಕೂಡಲೇ ನಮ್ಮ ಮನೆಯ ರೌಟರಿನ ಪ್ಲಗ್ ಕಿತ್ತು ನಿಶ್ಚಿಂತನಾಗಿದ್ದೆ. ಹೊರಗಿನಿಂದ ಬಂದ ಲ್ಯಾನ್ ಕೇಬಲ್ ಮಾತ್ರ ಸಿಕ್ಕಿಸಿದ್ದ ಹಾಗೆಯೇ ಇತ್ತು. ಬೆಳಿಗ್ಗೆ ನೋಡಿದರೆ ಆ ಕಿಂಡಿಯ ಸುತ್ತ ಹೆಬ್ಬೆರಳಿನಷ್ಟಗಲ ಕಪ್ಪು ಮಸಿ, ಒಳಗಿನ ಎಂಟು ಸಣ್ಣ ತಂತಿಗಳಲ್ಲಿ ಮೂರು ಕರಗಿ ಅಂಟಿಕೊಂಡಿದ್ದವು. ಅದೇ ಕೇಬಲಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಯಾರಾದರೂ ಕೂತಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಆದ್ದರಿಂದ ಕರೆಂಟಿನ ಪ್ಲಗ್, ಆಂಟೆನಾ ಕೇಬಲ್, ಲ್ಯಾನ್ ಕೇಬಲ್ ಮೂರನ್ನೂ ಬಿಡಿಸಿ, ಅದೂ ಗುಡುಗು ಹತ್ತಿರವಾಗುವ ಮೊದಲೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಸಿಡಿಲಿನ ಸಂಭವವಿದ್ದರೆ ಎಚ್ಚರಿಸುತ್ತದೆ, ಮನೆಯವರೆಲ್ಲರ ಫೋನಿನಲ್ಲೂ ಇರಲಿ. ಆಂಟೆನಾ ಕಟ್ಟಿದ ಪೈಪಿಗೆ ಎಲೆಕ್ಟ್ರಿಷಿಯನ್ ಕೈಯಿಂದ ಅರ್ತಿಂಗ್ ಮಾಡಿಸಿ. ಆದರೆ ಅರ್ತಿಂಗ್ ಇದೆಯೆಂದು ಕೇಬಲ್ ಬಿಡಿಸುವುದನ್ನು ನಿಲ್ಲಿಸಬೇಡಿ.

ಕರೆಂಟು ಹೋದಾಗ 12 ವೋಲ್ಟಿನ ಸಣ್ಣ ಯುಪಿಎಸ್ ರೌಟರನ್ನು ಮೂರ್ನಾಲ್ಕು ಗಂಟೆ ನಡೆಸುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಹಣ ಹಾಕುವ ಮೊದಲು, ಕರೆಂಟು ಹೋಗಿ ಎಷ್ಟು ಹೊತ್ತಿಗೆ ನಿಮ್ಮೂರಿನ ಟವರೂ ಮಲಗುತ್ತದೆ ಎಂಬುದನ್ನು ಗಮನಿಸಿ.

ಡೇಟಾ ಮಧ್ಯಾಹ್ನಕ್ಕೇ ಮುಗಿಯುವುದಕ್ಕೆ ಕಾರಣ ಬಹುಮಟ್ಟಿಗೆ ನಿಮ್ಮ ಲ್ಯಾಪ್‌ಟಾಪ್. ಹಾಟ್‌ಸ್ಪಾಟನ್ನು ಅದು ಸಾಮಾನ್ಯ ವೈಫೈ ಎಂದುಕೊಂಡು ವಿಂಡೋಸ್ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಳ್ಳುತ್ತಿರಬಹುದು. ಆ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಮಗಳ ಫೋನಿನ ಫೋಟೊ ಬ್ಯಾಕಪ್ಪಿಗೂ ಇದೇ ಕಡಿವಾಣ ಬೇಕು. ಗುಂಪಿನ ವಿಡಿಯೊ ಮೀಟಿಂಗಿಗೆ ಗಂಟೆಗೆ ಸುಮಾರು ಒಂದು ಜಿಬಿ ಹಿಡಿಯಿರಿ, ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿ ಎರಡು ಮೀಟಿಂಗಿಗೆ ಮುಗಿಯಿತು. ನಿಮ್ಮ ಮಾತಿನ ಸರದಿ ಇಲ್ಲದಾಗ ಕ್ಯಾಮೆರಾ ಆರಿಸಿಡಿ. ಅತ್ತೆಯವರ ಯಕ್ಷಗಾನವನ್ನು ಕಡಿತಗೊಳಿಸಬೇಡಿ, 480ರ ಗುಣಮಟ್ಟಕ್ಕೆ ಇಳಿಸಿದರೆ ಸಾಕು. ಫೋನಿನ ಪರದೆಯಲ್ಲಿ ಆ ವ್ಯತ್ಯಾಸ ಹೆಚ್ಚೇನೂ ಕಾಣದು, ಭಾಗವತರ ಸ್ವರಕ್ಕಂತೂ ಕುಂದಿಲ್ಲ.

ಇದೆಲ್ಲದರ ಜೊತೆಗೆ, ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಭಾರತ್‌ನೆಟ್ (ಪಂಚಾಯಿತಿಗಳಿಗೆ ನೆಟ್ ತಲುಪಿಸುವ ಸರ್ಕಾರಿ ಯೋಜನೆ) ಫೈಬರ್ ಎಲ್ಲಿಯವರೆಗೆ ಬಂದಿದೆ, ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡುವವರು ಯಾರು ಎಂದು ಕೇಳಿ. ಮುರಿದು ಬಿದ್ದ ಕೊಂಬೆಗೆ ತಂತಿ ಕಡಿಯುವುದುಂಟು, ಆದರೂ ಮಳೆಗೆ ಮಂಕಾಗದ ನೆಟ್ ಅದೊಂದೇ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೇಳಿದರೆ ಕೇಬಲ್ ಎಳೆಯುವವರಿಗೂ ಉತ್ಸಾಹ ಬರುತ್ತದೆ.

ಪ್ರಶ್ನೆ: ನಮ್ಮದು ಬೈಂದೂರು ಕಡೆ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಮೊಬೈಲ್ ಸಿಗ್ನಲ್ ಬೂಸ್ಟರ್ ಸಿಗುತ್ತದೆ. ತರಿಸಬಹುದೇ?

ಉತ್ತರ: ಬೇಡ. ಪರವಾನಗಿಯಿಲ್ಲದೆ ಇಂಥ ಬೂಸ್ಟರ್ ಇಟ್ಟುಕೊಳ್ಳುವುದು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಅಪರಾಧ, 2023ರ ದೂರಸಂಪರ್ಕ ಕಾಯ್ದೆಯೂ ಅದನ್ನು ಸಡಿಲಿಸಿಲ್ಲ. ಕಾನೂನು ಬದಿಗಿರಲಿ, ಅದು ಮಾಡುವ ಹಾನಿ ನೋಡಿ. ಅಗ್ಗದ ಬೂಸ್ಟರ್ ಸಿಗ್ನಲಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಟವರಿನತ್ತ ಎಸೆಯುತ್ತದೆ. ಮೈಕಿನ ಎದುರು ಸ್ಪೀಕರ್ ಇಟ್ಟಾಗ ಕಿವಿ ಕೊರೆಯುವ ಶಬ್ದ ಬರುತ್ತದಲ್ಲ, ಹಾಗೆ. ಟವರಿಗೆ ಆಗ ದೂರದ ಮನೆಗಳ ಕ್ಷೀಣ ದನಿ ಕೇಳಿಸುವುದಿಲ್ಲ. ನಿಮ್ಮ ಮನೆಯ ಒಂದು ಪೆಟ್ಟಿಗೆಯಿಂದಾಗಿ ಪಕ್ಕದ ವಾಡೆಯ ಯಾರಿಗೋ 108ಕ್ಕೆ ಕರೆ ಹೋಗದಿರಬಹುದು. ಮೇಲೆ ಹೇಳಿದ 4ಜಿ ರೌಟರ್ ಮತ್ತು ಆಂಟೆನಾಕ್ಕೆ ಈ ತೊಡಕಿಲ್ಲ, ಅದು ಟವರಿನ ಅಂಕೆಯಲ್ಲೇ ಇರುವ ಇನ್ನೊಂದು ಫೋನಿದ್ದಂತೆ. ಮನೆಯೊಳಗೆ ವೈಫೈ ಬಂದ ಮೇಲೆ ಫೋನಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಸಿಗ್ನಲ್ ಕಡ್ಡಿ ಒಂದೂ ಇಲ್ಲದ ಕೋಣೆಯಲ್ಲೂ ಮಾತು ನಡೆಯುತ್ತದೆ.

ಪ್ರಶ್ನೆ: ತೋಟದ ಪಂಪ್‌ಶೆಡ್ಡಿನಲ್ಲಿ ಸಿಮ್ ರೌಟರಿಗೆ ಸಿಸಿಟಿವಿ ಜೋಡಿಸಿದ್ದೇನೆ. ಮಂಗಳೂರಿನಿಂದ ನೋಡಲು ಆಗುತ್ತಿಲ್ಲ, ಡೇಟಾ ಮಾತ್ರ ಖಾಲಿ.

ಉತ್ತರ: ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ಹೊರಗಿನಿಂದ ನಿಮ್ಮ ರೌಟರನ್ನು ಹುಡುಕಿ ಬರಲು ದಾರಿಯಿಲ್ಲ, ಹೊರಗಿನ ಸಂಪರ್ಕವನ್ನು ಕ್ಯಾಮೆರಾದತ್ತ ತಿರುಗಿಸುವ ‘ಪೋರ್ಟ್ ಫಾರ್ವರ್ಡಿಂಗ್’ ಸೆಟ್ಟಿಂಗ್ ಎಷ್ಟು ಮಾಡಿದರೂ ವ್ಯರ್ಥ. ಕ್ಯಾಮೆರಾ ತಾನೇ ಹೊರಗೆ ಸಂಪರ್ಕ ಬೆಳೆಸುವ, ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ತೋರಿಸಿ ಜೋಡಿಸುವ ಮಾದರಿ ಬಳಸಿ. ಇನ್ನು ಡೇಟಾ: 1 ಎಂಬಿಪಿಎಸ್ ವಿಡಿಯೊ ಹಗಲಿರುಳು ಕ್ಲೌಡಿಗೆ ಹೋದರೆ ದಿನಕ್ಕೆ 10.8 ಜಿಬಿ ಬೇಕು. ಕ್ಯಾಮೆರಾದಲ್ಲೇ ಮೆಮೊರಿ ಕಾರ್ಡ್ ಹಾಕಿ ರೆಕಾರ್ಡಿಂಗ್ ಅಲ್ಲೇ ಇರಲಿ, ಚಲನೆ ಕಂಡಾಗ ಮಾತ್ರ ಒಂದು ಚಿತ್ರ ನಿಮ್ಮ ಫೋನಿಗೆ ಬರಲಿ. ಚಲನೆ ಗುರುತಿಸುವ ಚೌಕಟ್ಟಿನಿಂದ ಅಲುಗಾಡುವ ಸೋಗೆಗಳನ್ನು ಹೊರಗಿಡಿ, ಇಲ್ಲವಾದರೆ ಗಾಳಿ ಬೀಸಿದಾಗಲೆಲ್ಲ ಫೋನು ಬಡಿದುಕೊಳ್ಳುತ್ತದೆ.