ಹಳೆ ಬೈಕಿನ ಸೀಟು: ಹುಣಸೂರು ದಾಟಿದ ಮೇಲೆ ಗೊತ್ತಾಗುವ ಸುಖ

ಪ್ರಶ್ನೆ: ನನ್ನ ಹತ್ತಿರ 1984ರ ಯೆಜ್ಡಿ ರೋಡ್‌ಕಿಂಗ್ ಇದೆ, ಅಪ್ಪನ ಗಾಡಿ. ಸೀಟು ಹರಿದಿತ್ತು ಅಂತ ಹೋದ ವರ್ಷ ಕುಶನ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದೆ. ನಾಲ್ಕು ಇಂಚು ಸ್ಪಂಜು ಹಾಕಿದ್ದಾರೆ, ಕೂತರೆ ಸೋಫಾ ಇದ್ದ ಹಾಗಿದೆ. ಊರೊಳಗೆ ಓಡಿಸಲು ತೊಂದರೆ ಇಲ್ಲ. ಆದರೆ ಮೈಸೂರಿನಿಂದ ಮಡಿಕೇರಿಗೆ ಹೊರಟರೆ ಹುಣಸೂರು ದಾಟುವಷ್ಟರಲ್ಲಿ ನೋವು ತಡೆಯಲು ಆಗುವುದಿಲ್ಲ. ಇನ್ನೂ ಮೆತ್ತಗಿನ ಸೀಟು ಹಾಕಿಸಬೇಕಾ? ಈಗ ಬರುತ್ತಿರುವ ಹೊಸ ಯೆಜ್ಡಿಯ ಸೀಟು ಇದಕ್ಕೆ ಕೂರುತ್ತದಾ?
(ಮೈಸೂರಿನ ಓದುಗರು)

ಉತ್ತರ: ಇನ್ನೂ ಮೆತ್ತಗೆ ಬೇಡ. ನಿಮಗೆ ಬೇಕಿರುವುದು ಈಗಿರುವುದಕ್ಕಿಂತ ಗಟ್ಟಿ ಸೀಟು. ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ಅನುಮಾನದಿಂದ ನೋಡುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಕೂತಾಗ ನಮ್ಮ ಮೈಭಾರ ಹೆಚ್ಚಾಗಿ ಬೀಳುವುದು ಎರಡು ಮೂಳೆಗಳ ಮೇಲೆ. ಕೈಯನ್ನು ಅಂಗೈ ಮೇಲೆ ಮಾಡಿ ಇಟ್ಟು ಅದರ ಮೇಲೆ ಕೂತು ನೋಡಿ, ಎರಡೂ ಕಡೆ ಗುಬುಟು ತಾಗುತ್ತದೆ. ಸ್ಪಂಜು ತೀರಾ ಮೆತ್ತಗಿದ್ದರೆ ಆ ಮೂಳೆಗಳು ನಿಧಾನವಾಗಿ ಒಳಗೆ ಇಳಿಯುತ್ತವೆ. ಮೊದಲ ಅರ್ಧ ಗಂಟೆ ಸುಖ. ಆಮೇಲೆ ಸ್ಪಂಜು ಅಪ್ಪಚ್ಚಿಯಾಗಿ ನೀವು ಹೆಚ್ಚುಕಡಿಮೆ ಸೀಟಿನ ತಳದ ತಗಡಿನ ಮೇಲೇ ಕೂತಿರುತ್ತೀರಿ. ರಸ್ತೆಯ ಹೊಡೆತ, ಇಂಜಿನ್ನಿನ ನಡುಕ ಎರಡೂ ನೇರ ಬೆನ್ನಿಗೆ ಏರುತ್ತವೆ. ಗಟ್ಟಿ ಸ್ಪಂಜು ಹಾಗೆ ಕುಸಿಯುವುದಿಲ್ಲ. ಭಾರವನ್ನು ತೊಡೆಯವರೆಗೂ ಹಂಚುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಅದು ಒರಟು ಅನ್ನಿಸುತ್ತದೆ. ಅದರ ಗುಣ ಗೊತ್ತಾಗುವುದು ನಿಮ್ಮ ಹುಣಸೂರು ದಾಟಿದ ಮೇಲೆ.

ಒಂದು ಪರೀಕ್ಷೆ ಮಾಡಿ. ನೀವು ಕೂರುವ ಜಾಗಕ್ಕೆ ಮೊಣಕೈ ಊರಿ, ಮೈಭಾರ ಬಿಟ್ಟು ಒತ್ತಿ. ಕೆಳಗಿನ ತಗಡು ತಾಗಿತಾ? ಹಾಗಿದ್ದರೆ ಆ ಸ್ಪಂಜು ಈ ಕೆಲಸಕ್ಕೆ ಆಗದು.

ಕುಶನ್ ಅಂಗಡಿಗೆ ಹೋಗಿ ಹೀಗೆ ಕೇಳಿ. ತಗಡಿನ ಮೇಲೆ ಒಂದು ಇಂಚು ರೀಬಾಂಡೆಡ್ ಫೋಮ್. ಚೂರು ಚೂರು ಫೋಮನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಬಣ್ಣಬಣ್ಣದ ಚುಕ್ಕಿ ಇರುತ್ತದಲ್ಲ, ಅದೇ. ಅದರ ಮೇಲೆ ಒಂದೂವರೆ ಇಂಚು 40 ಡೆನ್ಸಿಟಿಯ ಗಟ್ಟಿ ಫೋಮ್. ತೀರಾ ಮೇಲೆ ಅರ್ಧ ಇಂಚು ಮೆತ್ತಗಿನದು. ಒಟ್ಟು ಮೂರು ಇಂಚು ಸಾಕು. ಡೆನ್ಸಿಟಿ ಬಗ್ಗೆ ಒಂದು ಮಾತು. 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ ಅಂತ. ಅದು ಬಾಳಿಕೆಯ ಲೆಕ್ಕ, ಗಟ್ಟಿತನದ್ದಲ್ಲ. 40ರಲ್ಲೂ ಮೆತ್ತಗಿನದು ಬರುತ್ತದೆ. ಅಂಗಡಿಯವರ ಮಾತಿನ ಜೊತೆಗೆ ನಿಮ್ಮ ಹೆಬ್ಬೆರಳನ್ನೂ ನಂಬಿ, ಒತ್ತಿ ನೋಡಿ ಆರಿಸಿ.

ಸೀಟು ಬಿಚ್ಚಿಸುವಾಗ ದಯವಿಟ್ಟು ಪಕ್ಕದಲ್ಲೇ ನಿಂತಿರಿ. ಇತ್ತೀಚೆಗೆ ನನ್ನ ಮುಂದೆ ಇಂಥದೇ ಒಂದು ಸೀಟು ಬಿಚ್ಚಿದರು. ಮೇಲಿನ ರೆಗ್ಜಿನ್ ತೆಗೆದರೆ ಅಡಿಯಲ್ಲಿ ಇನ್ನೊಂದು ರೆಗ್ಜಿನ್, ಅದರ ಅಡಿಯಲ್ಲಿ ಮತ್ತೊಂದು. ಯಾರೋ ಹಳೆಯದನ್ನು ಬಿಚ್ಚದೆ ಮೇಲೆ ಮೇಲೆ ಹೊಲಿದಿದ್ದರು. ತಳದಲ್ಲಿ ಒದ್ದೆ ತೆಂಗಿನ ನಾರು, ಕಪ್ಪಾಗಿ ಮುದ್ದೆಯಾಗಿತ್ತು. ನಾರು ಎತ್ತಿದರೆ ತಗಡಿನಲ್ಲಿ ಅಂಗೈಯಗಲ ತೂತು. ಆ ತೂತಿನ ಚೂಪು ಅಂಚಿನ ಮೇಲೆ ಆ ಮನುಷ್ಯ ಎಷ್ಟು ವರ್ಷ ಕೂತಿದ್ದರೋ ಏನೋ. ಅಂಥ ಸೀಟಿಗೆ ಎಂಥ ಫೋಮ್ ಹಾಕಿದರೂ ಪ್ರಯೋಜನ ಇಲ್ಲ. ಮೊದಲು ತಗಡಿಗೆ ವೆಲ್ಡಿಂಗ್, ತುಕ್ಕು ತೆಗೆದು ಬಣ್ಣ, ಆಮೇಲೆ ಉಳಿದದ್ದು. ತಗಡು ಚಾಸಿಯ ಮೇಲೆ ಕೂರುವ ಕಡೆ ರಬ್ಬರ್ ಗುಂಡಿಗಳು ಇವೆಯಾ ಅಂತಲೂ ನೋಡಿ. ಅವು ಕಳೆದುಹೋದ ಗಾಡಿಗಳೇ ಜಾಸ್ತಿ. ಸಣ್ಣ ವಸ್ತು, ಆದರೆ ಟೂ ಸ್ಟ್ರೋಕ್ ಇಂಜಿನ್ನಿನ ಜುಮ್ಮೆನ್ನುವ ನಡುಕ ಅಲ್ಲೇ ಎಷ್ಟೋ ಕಡಿಮೆಯಾಗುತ್ತದೆ.

ಆ ಹಳೆ ತಗಡನ್ನು ಮಾತ್ರ ಗುಜರಿಗೆ ಹಾಕಬೇಡಿ. ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿತು, 1973ರಿಂದ ಯೆಜ್ಡಿ ಹೆಸರಿಟ್ಟಿತು, 1996ರಲ್ಲಿ ಬಾಗಿಲು ಮುಚ್ಚಿತು. ಈಗ ಸಿಗುವ ತಗಡುಗಳು ಹಳೆಯದನ್ನು ನೋಡಿ ಮಾಡಿದವು. ಎಷ್ಟೋ ಸಲ ಬೋಲ್ಟಿನ ತೂತು ಕೂಡ ಹೊಂದುವುದಿಲ್ಲ. 2022ರಲ್ಲಿ ಮತ್ತೆ ಬಂದ ಯೆಜ್ಡಿಯ ಚಾಸಿಯೇ ಬೇರೆ, ಅದರ ಸೀಟು ನಿಮ್ಮ ರೋಡ್‌ಕಿಂಗ್‌ಗೆ ಕೂರುವುದಿಲ್ಲ. ಕತ್ತರಿಸಿ ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ಅಗಲ ಎಷ್ಟಿರಬೇಕು ಅಂತ ತಿಳಿಯಲು ದುಡ್ಡು ಖರ್ಚಿಲ್ಲದ ಒಂದು ದಾರಿ ಇದೆ. ರಟ್ಟಿನ ಡಬ್ಬದ ಒಂದು ಹಾಳೆಯನ್ನು ಗಟ್ಟಿ ಮಣೆಯ ಮೇಲೆ ಇಟ್ಟು, ಮೊಣಕಾಲು ಸ್ವಲ್ಪ ಎತ್ತಿ ಎರಡು ನಿಮಿಷ ಕೂರಿ. ಎದ್ದು ನೋಡಿದರೆ ಎರಡು ತಗ್ಗು ಮೂಡಿರುತ್ತವೆ. ಅವುಗಳ ನಡುವಿನ ಅಳತೆ ನಿಮ್ಮ ಮೂಳೆಗಳ ಅಳತೆ. ನೀವು ಕೂರುವ ಜಾಗದಲ್ಲಿ ಸೀಟಿನ ಸಪಾಟು ಭಾಗ ಅದಕ್ಕಿಂತ ಧಾರಾಳವಾಗಿ ಅಗಲ ಇರಬೇಕು. ನೋಡಲು ಚೆಂದ ಅಂತ ಮೇಲ್ಭಾಗವನ್ನು ಗುಂಡಗೆ ಉಬ್ಬಿಸಿ ಹೊಲಿದ ಸೀಟು ಇದಕ್ಕೆ ತದ್ವಿರುದ್ಧ. ಮೂಳೆಗಳು ಎರಡೂ ಕಡೆ ಜಾರುತ್ತವೆ, ಭಾರ ಬೀಳಬಾರದ ಕಡೆ ಬೀಳುತ್ತದೆ.

ಕೊನೆಗೆ, ದುಡ್ಡು ಕೊಡುವ ಮುಂಚೆ ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಒಮ್ಮೆ ತೋರಿಸಿ. ನಲವತ್ತು ವರ್ಷದ ಗಾಡಿ ಅಲ್ವಾ? ಅವು ಸತ್ತಿದ್ದರೆ ಸೀಟಿನ ಮೇಲೆ ಸುಮ್ನೆ ತಪ್ಪು ಹೊರಿಸಿದ ಹಾಗೆ ಆಗುತ್ತದೆ.

ಪ್ರಶ್ನೆ: ಬುಲೆಟ್ 350 ಸ್ಟ್ಯಾಂಡರ್ಡ್ ಇದೆ. ಸ್ಪ್ರಿಂಗ್ ಇರುವ ಒಂಟಿ ಸೀಟು ಹಾಕಿಸಬೇಕು ಅಂತ ಬಹಳ ಆಸೆ. ನೋಡಲು ಹಳೆ ಕಾಲದ ಹಾಗಿರುತ್ತದೆ. ವಾರಕ್ಕೊಮ್ಮೆ ಹೆಂಡತಿಯನ್ನೂ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋಗುತ್ತೇವೆ. ಸರಿಹೋಗುತ್ತದಾ?
(ಶಿವಮೊಗ್ಗದ ಓದುಗರು)

ಉತ್ತರ: ಸ್ಪ್ರಿಂಗ್ ಸೀಟು ಹುಟ್ಟಿದ್ದು ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲದ ಕಾಲದಲ್ಲಿ. ಆಗ ಹೊಡೆತ ತಡೆಯಲು ಇದ್ದದ್ದು ಟೈರಿನ ಗಾಳಿ ಮತ್ತು ಸೀಟಿನ ಸ್ಪ್ರಿಂಗು, ಅಷ್ಟೇ. ಬುಲೆಟ್ಟಿಗೆ 1949ರಲ್ಲೇ ಸ್ವಿಂಗ್ ಆರ್ಮ್ ಬಂತು, ಅಂದರೆ ಹಿಂದಿನ ಚಕ್ರವನ್ನು ಹಿಡಿದು ಶಾಕ್ ಅಬ್ಸಾರ್ಬರ್ ಜೊತೆ ಮೇಲೆ ಕೆಳಗೆ ಆಡುವ ತೋಳು. ಅಲ್ಲಿಗೆ ಆ ಸ್ಪ್ರಿಂಗಿನ ಕೆಲಸ ಮುಗಿದಿತ್ತು. 2009ರಲ್ಲಿ ಬುಲೆಟ್ ಕಂಪನಿಯದೇ ಕ್ಲಾಸಿಕ್ ಬೈಕು ಸ್ಪ್ರಿಂಗ್ ಸೀಟಿನ ಜೊತೆ ಬಂದಮೇಲೆ ಅದು ಮತ್ತೆ ಎಲ್ಲರ ಕಣ್ಣಿಗೆ ಬಿತ್ತು.

ಈಗ ಎರಡೂ ಒಟ್ಟಿಗೆ ಇದ್ದರೆ ಏನಾಗುತ್ತದೆ? ಶಾಕ್ ಅಬ್ಸಾರ್ಬರ್ ಒಳಗೆ ಎಣ್ಣೆ ಇರುತ್ತದೆ, ಅದು ಕುಣಿತವನ್ನು ತಡೆಯುತ್ತದೆ. ಸೀಟಿನ ಸ್ಪ್ರಿಂಗಿಗೆ ಹಾಗೆ ತಡೆಯುವವರು ಯಾರೂ ಇಲ್ಲ. ರೋಡ್ ಹಂಪ್ ಮೇಲೆ ಗಾಡಿ ಒಂದು ಸಲ ಎದ್ದರೆ ನೀವು ಎರಡು ಮೂರು ಸಲ ಏಳುತ್ತೀರಿ. ನಿಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಇದ್ದರೆ ಇದು ತೊಂದರೆ ಅನ್ನಿಸುವುದಿಲ್ಲ, ಹಿತವಾಗಿಯೇ ಇರುತ್ತದೆ. 90 ಕೆಜಿಯವರಿಗೆ ಮಾಡಿದ ಸ್ಪ್ರಿಂಗ್ ಮೇಲೆ 60 ಕೆಜಿಯವರು ಕೂತರೆ ಅದು ಅಲುಗುವುದೇ ಇಲ್ಲ, ಹಲಗೆಯ ಮೇಲೆ ಕೂತ ಹಾಗೆ. ಕೂತಾಗ ಸ್ಪ್ರಿಂಗ್ ಸುಮಾರು ಮೂರನೇ ಒಂದು ಭಾಗ ಇಳಿಯಬೇಕು, ಪೂರ್ತಿ ಇಳಿಯಬಾರದು.

ನಿಮ್ಮ ವಿಷಯದಲ್ಲಿ ನನ್ನ ಚಿಂತೆ ಹಿಂದೆ ಕೂರುವವರದು. ಒಂಟಿ ಸೀಟು ಹಾಕಿಸಿದವರು ಹಿಂದೆ ಮಡ್‌ಗಾರ್ಡ್ ಮೇಲೆ ಅಂಗೈಯಷ್ಟು ಒಂದು ಪ್ಯಾಡ್ ಇಡುತ್ತಾರೆ. ತೀರ್ಥಹಳ್ಳಿಗೆ 60 ಕಿಲೋಮೀಟರ್ ಇದೆ. ಅದರ ಮೇಲೆ ಕೂತು ಬಾ ಅಂತ ಯಾರಿಗೂ ಹೇಳಬಾರದು. ಕಾನೂನೂ ಹಾಗೇ ಇದೆ: ಹಿಂಬದಿ ಸವಾರರು ಗಾಡಿಗೆ ಭದ್ರವಾಗಿ ಕೂರಿಸಿದ ಸರಿಯಾದ ಸೀಟಿನ ಮೇಲೇ ಕೂರಬೇಕು. ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕು. ಸೀಟು ಬದಲಿಸುವಾಗ ಜನ ಮೊದಲು ಕಿತ್ತು ಹಾಕುವುದೇ ಈ ಮೂರನ್ನು. ಸೆರಗು, ವೇಲು ಚಕ್ರಕ್ಕೆ ಸಿಕ್ಕಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಉದ್ದನೆಯ ಜೋಡಿ ಸೀಟನ್ನೇ ಇಟ್ಟುಕೊಳ್ಳಿ. ಹಿಂಭಾಗವನ್ನು ಸಪಾಟಾಗಿ, ಒಂಚೂರು ಅಗಲವಾಗಿ ಮಾಡಿಸಿ. ಅಳತೆ ಕೊಡುವ ದಿನ ಮನೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಕೂತು ಒಪ್ಪಲಿ. ಸ್ಪ್ರಿಂಗ್ ಸೀಟಿನ ಆಸೆ ಬಿಡಲಾಗದಿದ್ದರೆ ಅದನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಒಬ್ಬರೇ ಹೋಗುವ ದಿನ ಹಾಕಿಕೊಳ್ಳಬಹುದು.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಒಂದು ಇಂಚು. ತಾತನ ಹಳೆ ಜಾವಾ ಓಡಿಸಲು ಕಲಿಯುತ್ತಿದ್ದೇನೆ. ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಸೀಟಿನ ಸ್ಪಂಜು ಪೂರ್ತಿ ತೆಗೆಸಿ ತಗ್ಗಿಸಬಹುದಾ?
(ಹಾಸನದ ಓದುಗರು)

ಉತ್ತರ: ತಾತನ ಗಾಡಿಯನ್ನು ಮೊಮ್ಮಗಳು ಓಡಿಸುತ್ತಿದ್ದಾಳೆ ಅಂತ ಓದಿ ಬಹಳ ಸಂತೋಷ ಆಯಿತು ಕಣಮ್ಮ.

ಪೂರ್ತಿ ತೆಗೆಸಬೇಡ. ಕಾಲು ನೆಲಕ್ಕೆ ಸಿಗದಿರುವುದಕ್ಕೆ ಎತ್ತರದಷ್ಟೇ ಅಗಲವೂ ಕಾರಣ. ಸೀಟಿನ ಮುಂಭಾಗ, ಟ್ಯಾಂಕಿನ ಪಕ್ಕ, ಅಗಲವಾಗಿದ್ದರೆ ತೊಡೆಗಳು ಹೊರಗೆ ಬಾಗುತ್ತವೆ, ಕಾಲು ಗಿಡ್ಡ ಆಗುತ್ತದೆ. ಆ ಮುಂಭಾಗದ ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಿಸು. ಹಿಂದೆ ನೀನು ಕೂರುವ ಜಾಗದ ಅಗಲ ಹಾಗೇ ಇರಲಿ. ಎತ್ತರದಲ್ಲಿ ಒಂದು ಇಂಚು ಮಾತ್ರ ತೆಗೆಸು. ತೆಗೆದ ಕಡೆ ಮುಂದಕ್ಕೆ ಇಳಿಜಾರು ಬರದಂತೆ ನೋಡಿಕೋ. ಇಳಿಜಾರಾದರೆ ಬ್ರೇಕ್ ಹಿಡಿದಾಗಲೆಲ್ಲ ಟ್ಯಾಂಕಿಗೆ ಜಾರುತ್ತೀಯ, ಮಣಿಕಟ್ಟು ನೋಯುತ್ತದೆ.

ಜಾವಾದಲ್ಲಿ ಇನ್ನೊಂದು ವಿಷಯ ಇದೆ. ಅದರ ಕಿಕ್ಕರ್ ಎಡಗಡೆ, ಗೇರ್ ಲಿವರೇ ಮೇಲೆ ತಿರುಗಿ ಕಿಕ್ಕರ್ ಆಗುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತುಹೋದರೆ ಎಡಗಾಲಲ್ಲಿ ಒದೆಯಬೇಕು, ಅಷ್ಟೂ ಹೊತ್ತು ಬಲಗಾಲು ಒಂದೇ ಗಾಡಿಯನ್ನು ಹೊರಬೇಕು. ಆದ್ದರಿಂದ ಸೀಟು ಕೆತ್ತಿಸಿದ ಮೇಲೆ ಬಲಗಾಲಿನ ಪಾದ ಪೂರ್ತಿ ಊರುತ್ತದಾ ಅಂತ ಮೊದಲು ನೋಡು. ಅಳತೆ ತೆಗೆದುಕೊಳ್ಳುವಾಗ ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಹೋಗು. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಆಚರಿಸುತ್ತಾರೆ. ಬೆಂಗಳೂರಿನಲ್ಲಿ ನೂರಾರು ಗಾಡಿ ಸೇರುತ್ತವೆ. ಆಗ ಹೋಗಿ ಕೇಳಿಕೊಂಡು ಹತ್ತು ಸೀಟಿನ ಮೇಲೆ ಕೂತು ನೋಡು. ನಿನ್ನಷ್ಟೇ ಎತ್ತರದವರು ಏನು ಮಾಡಿಸಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಸೀಟು ನೀರು ಕುಡಿಯುತ್ತದೆ. ಕೂತರೆ ಪ್ಯಾಂಟು ಒದ್ದೆ. ಜೆಲ್ ಪ್ಯಾಡ್ ಹಾಕಿದರೆ ಸರಿಹೋಗುತ್ತದಾ?
(ಸಾಗರದ ಓದುಗರು)

ಉತ್ತರ: ಜೆಲ್ಲಿಗೂ ನೀರಿಗೂ ಸಂಬಂಧ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ ಅದು ಕಾದು ಬಹಳ ಹೊತ್ತು ಆರುವುದೂ ಇಲ್ಲ. ನೀರು ಒಳಗೆ ಹೋಗುವುದು ಹೊಲಿಗೆಯ ತೂತುಗಳಿಂದ. ಕೂರುವ ಜಾಗದಲ್ಲಿ ಅಡ್ಡ ಹೊಲಿಗೆ, ಪಟ್ಟಿ ಡಿಸೈನು ಯಾವುದೂ ಬೇಡ ಅಂತ ಹೇಳಿ. ಹೊಲಿಗೆ ಅಂಚಿನಲ್ಲಿ ಮಾತ್ರ ಇರಲಿ. ರೆಗ್ಜಿನ್ನಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸಿ. ತಗಡಿನ ತೀರಾ ತಗ್ಗಿನ ಜಾಗದಲ್ಲಿ ಕಡ್ಡಿ ತೂರುವಷ್ಟು ಒಂದು ತೂತು ಹಾಕಿಸಿ, ಅದರ ಅಂಚಿಗೆ ಬಣ್ಣ ಬಳಿಸಿ. ಒಳಗೆ ಹೋದ ನೀರು ಅಲ್ಲಿಂದ ಹೊರಗೆ ಬರುತ್ತದೆ. ಆಷಾಢದಲ್ಲಿ ಸೀಟು ಬಿಚ್ಚಿ ಒಲೆಯ ಹತ್ತಿರ ಒಣಗಿಸುವವರನ್ನು ನಿಮ್ಮ ಕಡೆ ನೋಡಿದ್ದೇನೆ. ಫೋಮಿಗೆ ಬೆಂಕಿ ಬೇಗ ಹತ್ತುತ್ತದೆ. ಹಾಗೆ ಮಾಡಬೇಡಿ, ಫ್ಯಾನಿನ ಕೆಳಗೆ ತಲೆಕೆಳಗಾಗಿ ಇಡಿ.