ಯಾವ ಯೋಗ ತರಗತಿಗೆ ಸೇರಲಿ?

ಪ್ರಶ್ನೆ: ನನಗೆ 52 ವರ್ಷ. ರಕ್ತದೊತ್ತಡಕ್ಕೆ ನಿತ್ಯ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೆಟ್ಟಿಲು ಇಳಿಯುವಾಗ ಬಲ ಮಂಡಿ ನೋಯುತ್ತದೆ. ಹಿಂದೆಂದೂ ಯೋಗ ಮಾಡಿದವಳಲ್ಲ. ಮಗಳು ತಾನು ಹೋಗುವ ಅಷ್ಟಾಂಗ ವಿನ್ಯಾಸ ತರಗತಿಗೆ ಬಾ ಎನ್ನುತ್ತಾಳೆ, ನೆರೆಮನೆಯವರು ಪಾರ್ಕಿನ ಉಚಿತ ಶಿಬಿರಕ್ಕೆ ಕರೆಯುತ್ತಾರೆ. ಹತ್ತಿರದಲ್ಲೇ ಅಯ್ಯಂಗಾರ್ ಪದ್ಧತಿಯ ಶಾಲೆಯೂ ಇದೆ. ಯಾವುದು ಸರಿ?
– ಗೃಹಿಣಿ, ಮೈಸೂರು

ಉತ್ತರ: ನೀವು ಹೇಳಿದ ಎರಡು ಪದ್ಧತಿಗಳ ಬೇರೂ ನಿಮ್ಮ ಊರಿನಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತವರೇ ಅಷ್ಟಾಂಗ ವಿನ್ಯಾಸದ ಕೆ. ಪಟ್ಟಾಭಿ ಜೋಯಿಸ್ ಮತ್ತು ಅಯ್ಯಂಗಾರ್ ಪದ್ಧತಿಯ ಬಿ.ಕೆ.ಎಸ್. ಅಯ್ಯಂಗಾರ್. ಗುರು ಒಬ್ಬರೇ ಆದರೂ ಶಿಷ್ಯರಿಬ್ಬರು ಬೆಳೆಸಿದ ಕ್ರಮಗಳಿಗೆ ಅಜಗಜಾಂತರ.

ಅಷ್ಟಾಂಗ ವಿನ್ಯಾಸದಲ್ಲಿ ಆಸನಗಳ ಸರಣಿ ನಿಗದಿಯಾಗಿರುತ್ತದೆ. ಮೊದಲ ಸರಣಿಯಲ್ಲೇ ಕಾಲನ್ನು ಅರ್ಧಪದ್ಮಕ್ಕೆ, ಅಂದರೆ ಪಾದ ಎದುರು ತೊಡೆಯ ಮೇಲೆ ಬರುವಂತೆ, ಮಡಚುವ ಹಲವು ಆಸನಗಳಿದ್ದು, ಕೊನೆಯಲ್ಲಿ ದೇಹವನ್ನು ತಲೆಕೆಳಗಾಗಿಸುವ ಸರ್ವಾಂಗಾಸನ, ಶೀರ್ಷಾಸನಗಳು ಬರುತ್ತವೆ. ನೋಯುವ ಮಂಡಿಗೆ ಮೊದಲಿನವು ಹೊಂದುವುದಿಲ್ಲ, ರಕ್ತದೊತ್ತಡಕ್ಕೆ ಕೊನೆಯವು. ಹಾಗೆಂದು ಆ ಪದ್ಧತಿಯೇ ನಿಮಗಲ್ಲ ಎನ್ನಲಾರೆ. ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಅಭ್ಯಾಸ ಮಾಡುತ್ತ, ಶಿಕ್ಷಕರು ಒಂದೊಂದೇ ಆಸನ ಕೂಡಿಸುತ್ತ ಹೋಗುವ ‘ಮೈಸೂರು ಶೈಲಿ’ಯ ತರಗತಿಯಾದರೆ ವಿಚಾರಿಸಿ ನೋಡಬಹುದು. ಎಣಿಕೆ ಹೇಳಿ ಎಲ್ಲರಿಂದಲೂ ಒಟ್ಟಿಗೆ ಮಾಡಿಸುವ ತರಗತಿಯಾದರೆ, ಮಗಳು ಎಷ್ಟೇ ಒತ್ತಾಯಿಸಿದರೂ, ಸದ್ಯಕ್ಕೆ ಬೇಡ.

ನನ್ನನ್ನು ಕೇಳಿದರೆ ಅಯ್ಯಂಗಾರ್ ಪದ್ಧತಿಯಿಂದ ಆರಂಭಿಸಿ. ಅಲ್ಲಿ ವೇಗ ಕಡಿಮೆ, ನಿಲುವು ಸರಿಯಿದೆಯೇ ಎಂಬುದರ ಮೇಲೆ ಗಮನ ಹೆಚ್ಚು. ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ಗೋಡೆಗೆ ಕಟ್ಟಿದ ಹಗ್ಗಗಳ ಆಸರೆಯೂ ಉಂಟು. ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ಎಟುಕದಿದ್ದರೆ ಅಂಗೈ ಕೆಳಗೆ ಇಟ್ಟಿಗೆ ಇಡುತ್ತಾರೆ. ಹೇಗಾದರೂ ನೆಲ ಮುಟ್ಟಬೇಕೆಂದು ಮಂಡಿ ಬಗ್ಗಿಸಿ ಸೊಂಟ ತಿರುಚುವ ಪ್ರಮೇಯ ಬರುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವಾಗ ಮಂಡಿ ಎಳೆದರೆ ಕುಂಡಿಯ ಕೆಳಗೆ ಮಡಿಸಿದ ಕಂಬಳಿ ಬರುತ್ತದೆ. ಆದರೆ ಆಸರೆಯಿದೆ ಎಂದ ಮಾತ್ರಕ್ಕೆ ಅಭ್ಯಾಸ ಹಗುರವಲ್ಲ. ನಿಂತ ಆಸನಗಳಲ್ಲಿ ಬಹಳ ಹೊತ್ತು ಇರಿಸುವುದೂ ಉಂಟು, ಆಗ ದಣಿವಾದರೆ ಸಂಕೋಚಪಡದೆ ಹೇಳಿ.

ಪಾರ್ಕಿನ ಶಿಬಿರಕ್ಕೆ ಮೂಲ ಪಾಠಗಳಾದ ಮೇಲೆ ಧಾರಾಳವಾಗಿ ಹೋಗಿ. ಮೈಕಿನಲ್ಲಿ ಹೇಳಿಕೊಡುವವರು ಎಷ್ಟೇ ಸಮರ್ಥರಿದ್ದರೂ ಹಿಂದಿನ ಸಾಲಿನಲ್ಲಿರುವ ನಿಮ್ಮ ಮಂಡಿ ಅವರಿಗೆ ಕಾಣದು.

ಎಲ್ಲಿಗೇ ಸೇರಿದರೂ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಆಮೇಲೆ ಶುಲ್ಕ ಕಟ್ಟುವ ಮುನ್ನ ಒಂದು ದಿನ ತರಗತಿಯಲ್ಲಿ ಕುಳಿತು ನೋಡಿ, ಮಾತ್ರೆಯ ಮತ್ತು ಮಂಡಿಯ ವಿಷಯ ತಿಳಿಸಿ. ತಿಳಿದ ಶಿಕ್ಷಕರು ನಿಮ್ಮನ್ನೇ ತಿರುಗಿ ಪ್ರಶ್ನಿಸುತ್ತಾರೆ: ಒತ್ತಡ ಈಗ ಹತೋಟಿಯಲ್ಲಿದೆಯೇ, ಕಣ್ಣಿನಲ್ಲಿ ಗ್ಲಾಕೋಮಾ ಇದೆಯೇ, ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು. ಉಸಿರು ಬಿಗಿಹಿಡಿಯುವ ಕುಂಭಕ, ರಭಸದಿಂದ ಉಸಿರಾಡುವ ಕಪಾಲಭಾತಿ ಮತ್ತು ಭಸ್ತ್ರಿಕಾಗಳನ್ನು ನಿಮ್ಮಿಂದ ಮಾಡಿಸುವುದಿಲ್ಲ. ಇದಾವುದನ್ನೂ ಕೇಳದೆ ‘ಬನ್ನಿ, ಎಲ್ಲ ಸರಿಹೋಗುತ್ತದೆ’ ಎನ್ನುವವರು, ಎರಡೇ ತಿಂಗಳಲ್ಲಿ ಮಾತ್ರೆ ಬಿಡಿಸುತ್ತೇವೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಕೆಲಸದ ಒತ್ತಡದಿಂದ ತರಗತಿಗೆ ಹೋಗಲಾಗುತ್ತಿಲ್ಲ. ಆನ್‌ಲೈನ್‌ನಲ್ಲೇ ಮೊದಲಿನಿಂದ ಕಲಿಯಬಹುದೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಮೊದಲೇ ಮುದ್ರಿಸಿಟ್ಟ ವಿಡಿಯೊ ನಿಮ್ಮ ತಪ್ಪು ತಿದ್ದುವುದಿಲ್ಲ, ಆದ್ದರಿಂದ ಆರಂಭಕ್ಕೆ ಅದು ಬೇಡ. ಐದಾರು ಮಂದಿಯಷ್ಟೇ ಇರುವ ನೇರ ತರಗತಿಯಾದರೆ ಆಗಬಹುದು. ಅಡಿಯಿಂದ ಮುಡಿಯವರೆಗೆ ಕಾಣುವಂತೆ ಕ್ಯಾಮೆರಾವನ್ನು ಪಕ್ಕದಿಂದ ಇಡಿ. ವಾರಾಂತ್ಯದಲ್ಲಿ ಒಮ್ಮೆಯಾದರೂ ಶಿಕ್ಷಕರೆದುರು ಅಭ್ಯಾಸ ಮಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.