‘ಕೆಳಗೆ ಉರಿ’ ಅಂದರೆ ಎಲ್ಲಿ?

ಮೂಡಿಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಮಳೆ ಹಿಡಿದಾಗಿನಿಂದ ತುರಿಕೆ, ಉರಿ. ‘ಎಲ್ಲಿ?’ ಎಂದು ಡಾಕ್ಟರ್ ಕೇಳಿದರೆ ‘ಕೆಳಗೆ’ ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ. ಚೀಟಿಯಲ್ಲಿ ‘ವಲ್ವಾ’ ಎಂದಿದೆ. ಅದು ಯೋನಿಯೇ? ಇಂಥ ಪದಗಳನ್ನು ನೀವು ಅಚ್ಚು ಹಾಕುತ್ತೀರಾ?”

ಖಂಡಿತ ಹಾಕುತ್ತೇವೆ. ಕಣ್ಣು, ಕಿವಿಯ ಹೆಸರಿಗಿರುವ ಮರ್ಯಾದೆಯೇ ಇವಕ್ಕೂ ಇದೆ.

ವಲ್ವಾ, ಯೋನಿ ಎರಡೂ ಒಂದೇ ಅಲ್ಲ. ಹೊರಗೆ ಕಾಣುವುದೆಲ್ಲ ಸೇರಿ ವಲ್ವಾ, ಅಂದರೆ ಭಗ. ಯೋನಿ ಅಲ್ಲಿಂದ ಒಳಕ್ಕೆ, ಗರ್ಭಕೋಶದ ಕಂಠದವರೆಗೆ ಹೋಗುವ ಸ್ನಾಯುವಿನ ನಾಳ. ಎರಡಕ್ಕೂ ಯೋನಿ ಎಂದುಬಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ: ಒಳಗಿಡುವ ಮಾತ್ರೆಯಿಂದ ಹೊರಚರ್ಮದ ಅಲರ್ಜಿ ಹೋಗದು, ಹೊರಗೆ ಹಚ್ಚಿದ ಮುಲಾಮು ಒಳಗಿನ ಸೋಂಕಿಗೆ ತಾಗದು.

ಮೇಲಿನಿಂದ ನೋಡುತ್ತ ಬನ್ನಿ. ಮೂಳೆಯ ಮೇಲೆ ಕೂದಲಿರುವ ಕೊಬ್ಬಿನ ದಿಬ್ಬ, ಮಾನ್ಸ್ ಪ್ಯೂಬಿಸ್. ಅದರ ಕೆಳಗೆ ಎರಡೂ ಬದಿಗೆ ದಪ್ಪನೆಯ ಹೊರ ತುಟಿ, ಅದರೊಳಗೆ ಕೂದಲಿಲ್ಲದ ತೆಳು ಒಳ ತುಟಿ. ಒಳ ತುಟಿ ಒಂದು ಉದ್ದ, ಒಂದು ಗಿಡ್ಡ ಇರುವುದು, ಹೊರಗೆ ಇಣುಕುವುದು ಸಹಜ. ಹುಡುಗಿಯರು ಇದಕ್ಕಾಗಿ ಸಂಕಟಪಡುವುದು ಬೇಡ. ಒಳ ತುಟಿಗಳು ಮೇಲೆ ಕೂಡುವಲ್ಲಿ ಚಂದ್ರನಾಡಿ, ಅಂದರೆ ಕ್ಲಿಟೋರಿಸ್, ಸ್ಪರ್ಶಕ್ಕೆ ಬಹಳ ಸೂಕ್ಷ್ಮವಾದ ಅಂಗ. ಕಾಣುವುದು ಅದರ ತುದಿ ಮಾತ್ರ, ಉಳಿದದ್ದು ಚರ್ಮದಡಿ ಎರಡು ಕವಲಾಗಿ ಹರಡಿದೆ. ಅದರ ಕೆಳಗೆ ಮೂತ್ರದ್ವಾರ, ಮತ್ತೂ ಕೆಳಗೆ ಯೋನಿದ್ವಾರ. ಮೂತ್ರ, ಮುಟ್ಟು ಒಂದೇ ದಾರಿಯಲ್ಲಿ ಬರುತ್ತವೆ ಎಂದು ನಂಬಿದವರು ಇನ್ನೂ ಇದ್ದಾರೆ, ಬರುವುದಿಲ್ಲ. ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಜಾಗ ಪೆರಿನಿಯಂ. ಹೆರಿಗೆಯ ಹೊಲಿಗೆ ಬೀಳುವುದು ಹೆಚ್ಚಾಗಿ ಅಲ್ಲೇ.

ವೈದ್ಯರು ಜಾಗ ಗುರುತಿಸುವುದು ಗಡಿಯಾರದ ಲೆಕ್ಕದಲ್ಲಿ. ನೀವು ಮಲಗಿದಾಗ ಚಂದ್ರನಾಡಿ 12, ಗುದದ ಕಡೆ 6. ಯೋನಿದ್ವಾರದ 4 ಮತ್ತು 8ರ ಹತ್ತಿರ ಜಾರು ದ್ರವ ಒಸರುವ ಬಾರ್ಥೋಲಿನ್ ಗ್ರಂಥಿಗಳು, ಒಂದೊಂದೂ ಬಟಾಣಿಯಷ್ಟು. ಅದರ ನಾಳ ಕಟ್ಟಿಕೊಂಡರೆ ಒಂದೇ ಬದಿಗೆ ಗಂಟು, ಕೀವಾದರೆ ಕೂರಲಾಗದ ನೋವು. ಗಡಿಯಾರ ಇರುವುದು ಎದುರು ನಿಂತವರ ಕಣ್ಣಿಗೆ. ಅವರ 4 ಎಂದರೆ ನಿಮ್ಮ ಎಡಗಡೆ. ಕನ್ನಡಿ ಹಿಡಿದು ನೋಡಿಕೊಂಡವರು ಗಂಟೆ ಬಿಟ್ಟು ‘ನನ್ನ ಎಡಕ್ಕೆ’, ‘ನನ್ನ ಬಲಕ್ಕೆ’ ಎನ್ನುವುದೇ ಸುರಕ್ಷಿತ.

ನಿಮ್ಮ ಚೀಟಿಯಲ್ಲಿ ವಲ್ವಾ ಎಂದಿರುವುದರಿಂದ ತೊಂದರೆ ಹೊರಚರ್ಮದ್ದು. ಮಲೆನಾಡಿನ ಮಳೆಯಲ್ಲಿ ಒದ್ದೆ ಬಟ್ಟೆಯಲ್ಲೇ ದಿನವಿಡೀ ತೋಟದ ಕೆಲಸ, ಆರದ ಒಳಉಡುಪು, ಸಾಲದ್ದಕ್ಕೆ ಘಮಘಮಿಸುವ ಸೋಪು. ಇಷ್ಟು ಸಾಕು ಆ ಚರ್ಮ ಕೆರಳಲು. ಹೊರಗೆ ಬರೀ ನೀರು ಹಾಕಿ ತೊಳೆದು, ಒತ್ತಿ ಒರೆಸಿ. ಯೋನಿಯೊಳಗೆ ಸೋಪು, ಡೆಟಾಲ್ ಬೇಡವೇ ಬೇಡ. ಮುಟ್ಟು ನಡೆಯುತ್ತಿರುವ ವಯಸ್ಸಿನಲ್ಲಿ ಅಲ್ಲಿನ ಆಮ್ಲೀಯತೆ ಪಿಎಚ್ 3.8ರಿಂದ 4.5ರಷ್ಟಿದ್ದು, ಒಳ್ಳೆಯ ಬ್ಯಾಕ್ಟೀರಿಯಾಗಳೇ ಅದನ್ನು ಕಾಯುತ್ತವೆ. ಕ್ಷಾರದ ಸೋಪು ಅದನ್ನೇ ಕೆಡಿಸುತ್ತದೆ.

ಮುಟ್ಟು ನಿಂತವರಿಗೆ ತುರಿಕೆಯ ಜೊತೆ ಬಿಳಿ ಮಚ್ಚೆ ಕಂಡರೆ, ವಾರಗಟ್ಟಲೆ ಮಾಯದ ಹುಣ್ಣಿದ್ದರೆ, 40 ದಾಟಿದ ಮೇಲೆ ಬಾರ್ಥೋಲಿನ್ ಜಾಗದಲ್ಲಿ ಹೊಸ ಗಂಟು ಎದ್ದರೆ ಮುಲಾಮು ಹಚ್ಚುತ್ತ ಕೂರಬೇಡಿ. ಸ್ತ್ರೀರೋಗ ತಜ್ಞರಿಗೆ ಜಾಗದ ಹೆಸರು ಹೇಳಿ, ಎಷ್ಟು ದಿನದಿಂದ ಎಂಬುದನ್ನೂ ಹೇಳಿ, ಬಯಾಪ್ಸಿ (ಆ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕೇ ಎಂದು ಕೇಳಿ.

– ಸಂ.